ಏಳನೇ ನಂಬರಿನ ಮರಕ್ಕೆ ಸುಣ್ಣ

ಉಸ್ತಾದ್ ವಗ್ದಿ ತಮ್ಮ ಐವತ್ತೆಂಟು ವರ್ಷದ ಬಾಳಿನಲ್ಲಿ ಸರ್ಕಾರದ ಆಜ್ಞೆಯನ್ನು ಮೀರಿದ್ದು ಒಂದೇ ಒಂದು ಸಲ. ಅದೂ ಒಂದು ಬಕೆಟ್ ಸುಣ್ಣ ಮತ್ತು ಒಂದು ಕುಂಚ ಹಿಡಿದುಕೊಂಡು, ಮೀರುತ್ತಿದ್ದೇನೆಂಬುದು ತಮಗೇ ಗೊತ್ತಿಲ್ಲದೆ. ಓದುಬರಹ ಬಲ್ಲವರನ್ನೆಲ್ಲ ಮರ್ಯಾದೆಗೆ ಉಸ್ತಾದ್ ಎನ್ನುವ ಕೈರೋದ ಅಂಚೆ ಕಚೇರಿಯಲ್ಲಿ ವಿಳಾಸ ತಪ್ಪಿದ ಪಾರ್ಸಲ್ಲುಗಳನ್ನು ಮೂವತ್ತು ವರ್ಷದಿಂದ ಕಾಯುತ್ತ ಬಂದ ಈ ಮನುಷ್ಯ, ಸಹಿ ಹಾಕುವ ಮುಂಚೆ ಪೆನ್ನನ್ನೂ ಒಂದು ಮಾತು ಕೇಳುವಂಥವರು. ಅವರ ಕೈಯಿಂದ ಇಂಥದ್ದು ನಡೆದುಹೋಯಿತೆಂದರೆ ತಪ್ಪು ಅವರದಲ್ಲ, ಬೀಗರದು.

ಬೀಗರು ಮನ್ಸೂರಾ ಕಡೆಯವರು. ಅಲ್ಲಿ ಅಕ್ಕಿ ಗಿರಣಿ ನಡೆಸುವ ಹಾಜಿ ಮಿತ್ವಲ್ಲಿಯವರ ಮಗ ಹೈಸಮನಿಗೂ ವಗ್ದಿಯವರ ಮಗಳು ರಬಾಬಳಿಗೂ ಮದುವೆಯ ಮಾತು ನಡೆದಿತ್ತು. ಗುರುವಾರ ಸಂಜೆ ಗಂಡಿನ ಕಡೆಯವರು ಬಂದು ಫಾತಿಹಾ ಪ್ರಾರ್ಥನೆ ಓದಿದರೆ ಮಾತು ಗಟ್ಟಿಯಾದ ಹಾಗೆ. ಗಂಡಿನವರು ಮನೆ ಮಾಡಿಕೊಡಬೇಕು, ಮನೆಯಿಲ್ಲದಿದ್ದರೆ ಮದುವೆಯಿಲ್ಲ, ಆ ಊರಲ್ಲಿ ಇದಕ್ಕೆ ಎರಡು ಮಾತಿಲ್ಲ. ಮನೆಯೂ ಗೊತ್ತಾಗಿತ್ತು. ವಗ್ದಿಯವರ ಮನೆಯ ಎದುರಿಗೇ, ಹಳೆಯ ಬಂಗಲೆ ಕೆಡವಿದ ಜಾಗದಲ್ಲಿ, ಇಸ್ಮತ್ ಎಂಬ ಗುತ್ತಿಗೆದಾರ ಹದಿನಾಲ್ಕು ಅಂತಸ್ತು ಎಬ್ಬಿಸಲು ಹೊರಟಿದ್ದ. ಮೂರನೇ ಅಂತಸ್ತಿನ ಹಿಂಬದಿಯ ಮನೆ ಹೈಸಮನ ಹೆಸರಿಗೆ. ಮಗಳು ಬೀದಿಯ ಈ ಕಡೆಯಿಂದ ಆ ಕಡೆಗೆ ಹೋಗುತ್ತಾಳೆ ಅಷ್ಟೇ ಎಂದು ತಾಯಿ ಇನ್ಶಿರಾಹ್ ಕಣ್ಣೀರನ್ನು ಸದ್ಯಕ್ಕೆ ಮುಂದೂಡಿದ್ದಳು.

ಆ ಖಾಲಿ ಜಾಗದ ಮುಂದೆ ರಸ್ತೆಯಂಚಿನಲ್ಲಿ ಒಂದು ಆಲದ ಮರ. ನಾಲ್ಕು ಜನ ಕೈಗೆ ಕೈ ಹಿಡಿದರೂ ತಬ್ಬಲಾಗದಷ್ಟು ದಪ್ಪ. ಬಿಳಲುಗಳು ಇಳಿದು, ನೆಲ ಮುಟ್ಟಿ, ತಾವೇ ಕಾಂಡಗಳಾಗಿ ನಿಂತಿದ್ದವು. ಈ ಮರದ ಬಗ್ಗೆ ವಗ್ದಿಯವರಿಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಬೆಳಿಗ್ಗೆ ಅದರ ಅಡಿಯಲ್ಲಿ ಬಸ್ಸಿಗೆ ನಿಲ್ಲುತ್ತಿದ್ದರು. ಸಂಜೆ ಹೊತ್ತಿಗೆ ಚಹಾ ಅಂಗಡಿಯ ಒಳಕೋಣೆಯಲ್ಲಿ ಪಗಡೆಯ ಮುಂದೆ ಕೂತಿರುತ್ತಿದ್ದರು. ಹೀಗಾಗಿ ಆ ಮರವನ್ನು ಸಂಜೆ ಹೊತ್ತಿನಲ್ಲಿ ಅವರು ಒಮ್ಮೆಯೂ ನೋಡಿರಲಿಲ್ಲ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಸೋಮವಾರ ಇನ್ಶಿರಾಹ್ ಎಲೆಕೋಸಿನ ಎಲೆ ಬಿಡಿಸುತ್ತ ಕೇಳಿದಳು. "ರೀ, ಬೀಗರು ಬರೋ ದಿನ ಈ ಬೀದಿ ಹೀಗೇ ಬಿದ್ದಿರುತ್ತಾ?"

"ಬೀದಿ ನಮ್ಮದಲ್ಲ ಕಣೇ, ಸರ್ಕಾರದ್ದು."

"ಸರ್ಕಾರಕ್ಕೇನು ಮಗಳಿದ್ದಾಳಾ ಮದುವೆ ಮಾಡೋಕೆ? ಅವರು ಹಳ್ಳಿಯವರಾದ್ರೂ ಅಂಗಳ ಕನ್ನಡಿ ಥರ ಇಟ್ಟುಕೊಂಡಿರ್ತಾರೆ. ರಾಜಧಾನಿಯವರು ಅಂತ ನಾವು ಮೀಸೆ ತಿರುವಿದ್ದಷ್ಟೇ ಬಂತು."

ಈ ಮಾತು ವಗ್ದಿಯವರಿಗೆ ನಾಟಿತು. ಊರಿಗೆ ಮಂತ್ರಿಯೋ ಮಹಾನುಭಾವನೋ ಬರುವುದಿದ್ದರೆ ಅಲ್ಲಿ ಮೊದಲು ಸುಣ್ಣ ಬರುತ್ತದೆ, ಆಮೇಲೆ ಅವನು. ರಸ್ತೆಯಂಚಿನ ಕಲ್ಲುಗಳಿಗೆ ಒಂದು ಕಪ್ಪು ಒಂದು ಬಿಳಿ, ಮರಗಳಿಗೆ ಎದೆಮಟ್ಟದ ಸುಣ್ಣ. ಸುಣ್ಣ ಕಂಡ ಬೀದಿ ಎಂದರೆ ದೊಡ್ಡವರ ಕಣ್ಣು ಬಿದ್ದ ಬೀದಿ. ನಮ್ಮ ಬೀದಿಯೂ ಅಂಥದ್ದೇ ಎಂದು ಹಾಜಿಯವರು ಅಂದುಕೊಂಡರೆ ತಪ್ಪೇನು? ವಗ್ದಿ ಅಂದೇ ಒಂದು ಬಕೆಟ್ ಸುಣ್ಣ ಕಲಸಿದರು.

ವಗ್ದಿಯವರಿದ್ದ ಕಟ್ಟಡದ ಕಾವಲುಗಾರ ಬಶಂದಿ ಬಕೆಟ್ ಹಿಡಿದು ನಿಂತ. ಅವನು ಹಿಡಿದದ್ದು ಸಹಾಯಕ್ಕಲ್ಲ, ನೋಡುವುದಕ್ಕೆ ಒಳ್ಳೆಯ ಜಾಗ ಅದೆಂದು.

"ಸಾಹೇಬ್ರೇ, ಇಲ್ಲಿ ಕೆಂಪಗೆ ಏಳು ಅಂತ ಬರೆದವ್ರೆ. ಸುತ್ತ ಒಂದು ಸೊನ್ನೆ ಬೇರೆ ಹಾಕವ್ರೆ."

"ಫುಟ್‌ಬಾಲ್ ಹುಚ್ಚರ ಕೆಲಸ. ಯಾವನೋ ಆಟಗಾರನ ಅಂಗಿ ನಂಬರ್ ಇರಬೇಕು," ಎಂದು ವಗ್ದಿ ಆ ಏಳರ ಮೇಲೆ ಎರಡು ಕೈ ಹೆಚ್ಚಿಗೆ ಹೊಡೆದರು.

ಒಂದರಿಂದ ಆರರವರೆಗಿನ ಮರಗಳು ಹಿಂದಿನ ಬೀದಿಯಲ್ಲಿ ಬೇಸಿಗೆಯಲ್ಲೇ ಉರುಳಿದ್ದವು. ಆ ಬೀದಿಯಲ್ಲಿ ಭಾವಮೈದುನನ ಮನೆ ಇದ್ದುದರಿಂದ ವಗ್ದಿ ಆ ಕಡೆ ತಲೆ ಹಾಕಿರಲಿಲ್ಲ. ಹೋಗಿದ್ದರೆ ಕೆಂಪು ನಂಬರಿನ ಅರ್ಥ ತಿಳಿಯುತ್ತಿತ್ತು, ಈ ಕಥೆಯೂ ಇರುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಗರಗಸದ ಲಾರಿ ಬಂತು. ಮೇಸ್ತ್ರಿ ಕಾಗದ ಹಿಡಿದು ಮರದ ಸುತ್ತ ಮೂರು ಪ್ರದಕ್ಷಿಣೆ ಹಾಕಿದ.

"ನನಗೆ ಕೊಟ್ಟಿರೋದು ಏಳನೇ ನಂಬರಿನ ಮರ. ಇದರಲ್ಲಿ ನಂಬರೇ ಇಲ್ಲ."

"ಇರೋದೇ ಒಂದು ಮರ ಅಲ್ವೇನಪ್ಪಾ," ಎಂದ ಬಶಂದಿ.

"ಇರಬಹುದು. ನಾಳೆ ನಂಬರಿಲ್ಲದ ಮರ ಕಡಿದೆ ಅಂತ ನನ್ನ ತಲೆಗೆ ಕಟ್ಟಿದರೆ? ಅದೂ ಸುಣ್ಣ ಹೊಡೆದ ಮರ. ಸುಣ್ಣ ಯಾರು ಸುಮ್ಮನೆ ಹೊಡೀತಾರೆ?"

ಲಾರಿ ಬಂದ ದಾರಿಯಲ್ಲೇ ಹೋಯಿತು. ಅರ್ಧ ಗಂಟೆಯಲ್ಲಿ ಗುತ್ತಿಗೆದಾರ ಇಸ್ಮತ್ ಬಂದ. ತಲೆಯ ಮೇಲೆ ಕೈ ಹೊತ್ತು ಮರವನ್ನು ನೋಡಿ, ಎದುರಿನ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿದ್ದ ವಗ್ದಿಯವರಿಗೆ ಕೂಗಿ ಹೇಳಿದ.

"ನೋಡಿದ್ರಾ ಅಣ್ಣಾ, ಯಾವನೋ ಮನೆಹಾಳ ಸುಣ್ಣ ಬಳಿದು ಹೋಗಿದ್ದಾನೆ. ಈ ಮರ ಹೋಗದೆ ಗ್ಯಾರೇಜಿಗೆ ಬಾಗಿಲಿಲ್ಲ. ಬಾಗಿಲಿಲ್ಲದೆ ನಕ್ಷೆಗೆ ಒಪ್ಪಿಗೆ ಇಲ್ಲ. ಒಪ್ಪಿಗೆ ಇಲ್ಲದೆ ನಿಮ್ಮ ಮಗಳಿಗೆ ಮನೆ ಇಲ್ಲ. ಈ ವಾರ ಮರ ಬೀಳದಿದ್ರೆ ನಾನು ಮುಂಗಡ ವಾಪಸ್ ಕೊಟ್ಟು ಜಾಗ ಮಾರಿಬಿಡ್ತೀನಿ."

ವಗ್ದಿ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಮನೆಹಾಳ ಎಂಬ ಮಾತು ಇಷ್ಟು ಸರಿಯಾದ ವಿಳಾಸಕ್ಕೆ ತಲುಪಿದ್ದನ್ನು ಅವರು ತಮ್ಮ ಅಂಚೆ ಇಲಾಖೆಯ ಸೇವೆಯಲ್ಲೇ ಕಂಡಿರಲಿಲ್ಲ.

ಅತ್ತ ನಗರಾಡಳಿತದ ವಲಯ ಕಚೇರಿಯಲ್ಲಿ ಮೇಸ್ತ್ರಿಯ ವರದಿ ಮೇಜಿನಿಂದ ಮೇಜಿಗೆ ಹತ್ತುತ್ತ ಮುಖ್ಯಸ್ಥ ಶೌಕತ್ ಪಾಷಾರವರೆಗೆ ಹೋಯಿತು. ದೊಡ್ಡ ಅಧಿಕಾರಿಗಳನ್ನು ಆ ಊರಲ್ಲಿ ಪಾಷಾ ಎನ್ನುವುದು ವಾಡಿಕೆ. ಶೌಕತ್ ಪಾಷಾ ಸೇನೆಯಿಂದ ನಿವೃತ್ತರಾಗಿ ಬಂದವರು, ಶತ್ರುವನ್ನು ಮೊದಲು ಲೆಕ್ಕಾಚಾರದಲ್ಲಿ ಹಿಡಿಯುವವರು.

"ಸುಣ್ಣ ನಾವು ಹೊಡೆಸಿದ್ದಾ?"

"ಇಲ್ಲ ಪಾಷಾ."

"ನಾವಲ್ಲ ಅಂದ್ರೆ ಮೇಲಿನವರು. ಮೇಲಿನವರು ನಮಗೆ ಹೇಳದೆ ಸುಣ್ಣ ಹೊಡೆಸಿದ್ದಾರೆ ಅಂದ್ರೆ ಬರ್ತಿರೋದು ಎಂಥವರು?"

"ಮೇಲಿನ ಕಚೇರಿಗೆ ಫೋನ್ ಮಾಡಿ ಕೇಳೋಣವಾ ಪಾಷಾ?"

"ಕೇಳಿದರೆ ನಮಗೆ ಗೊತ್ತಿಲ್ಲ ಅನ್ನೋದು ಅವರಿಗೆ ಗೊತ್ತಾಗುತ್ತೆ."

ಈ ತರ್ಕಕ್ಕೆ ಕಚೇರಿಯಲ್ಲಿ ಎದುರಾಡಿದವರಿಲ್ಲ. ಬುಧವಾರ ಬೆಳಕು ಹರಿಯುವುದರೊಳಗೆ ಬೀದಿಗೆ ಗುಡಿಸುವವರ ದಂಡು ಬಂತು. ಮಧ್ಯಾಹ್ನಕ್ಕೆ ಡಾಂಬರು ಬಂತು. ಒಂಬತ್ತು ವರ್ಷದಿಂದ ಕುರುಡಾಗಿದ್ದ ಬೀದಿದೀಪ ಕಣ್ಣು ಬಿಟ್ಟಿತು. ಹೂವಿನ ಕುಂಡಗಳು ಬಂದವು, ಅವುಗಳನ್ನು ಯಾರೂ ಮನೆಗೆ ಒಯ್ಯದ ಹಾಗೆ ಕಾಯಲು ಒಬ್ಬ ಪೊಲೀಸನೂ ಬಂದ. ಕಿರಾಣಿ ಅಂಗಡಿಯವನು ಗಡ್ಡ ಬೋಳಿಸಿಕೊಂಡ. ಇಷ್ಟೂ ಜನ ಬಶಂದಿಯನ್ನು ಕೇಳಿದ್ದು ಒಂದೇ ಪ್ರಶ್ನೆ, ಬರುತ್ತಿರುವವರು ಯಾರು ಎಂದು. ಅವನು ಎಲ್ಲರಿಗೂ ಕೊಟ್ಟದ್ದು ಒಂದೇ ಉತ್ತರ.

"ನಂಗೊತ್ತಿಲ್ಲಪ್ಪ. ಸುಣ್ಣ ಹೊಡೆದದ್ದು ವಗ್ದಿ ಸಾಹೇಬ್ರು. ಅವರ್ನ ಕೇಳಿ."

ಸಂಜೆಗೆ ಶೌಕತ್ ಪಾಷಾ ತಾವೇ ವಗ್ದಿಯವರ ಮನೆಗೆ ಬಂದು ಸೋಫಾದ ಮೇಲೆ ಕೂತರು. ಎಲ್ಲ ಒಪ್ಪಿಕೊಂಡು ಕೈಮುಗಿಯುವುದೇ ಸರಿ ಎಂದು ವಗ್ದಿ ನಿರ್ಧರಿಸಿದ್ದರು.

"ಪಾಷಾ, ಆ ಸುಣ್ಣ ಹೊಡೆದದ್ದು ನಾನೇ."

"ಗೊತ್ತು. ಹೊಡೆಯೋಕೆ ಹೇಳಿದ್ದು ಯಾರು?"

"ನನ್ನ ಹೆಂಡತಿ."

ಪಾಷಾ ವಗ್ದಿಯವರನ್ನು ದಿಟ್ಟಿಸಿ ನೋಡಿ, ಮೆಲ್ಲಗೆ ತಲೆದೂಗಿದರು.

"ಬರ್ತಿರೋದು ಯಾರು?"

"ಬೀಗರು, ಪಾಷಾ. ಮನ್ಸೂರಾದಿಂದ. ಬಾತುಕೋಳಿ ತರ್ತಾರೆ."

"ಸಾಕು, ಸಾಕು. ಹೇಳೋ ಹಾಗಿಲ್ಲ ಅನ್ನಿ. ಇಂಥ ಬಾಯಿಬಿಗಿ ಇರೋ ಒಬ್ಬನೇ ಒಬ್ಬ ನನ್ನ ಕಚೇರಿಯಲ್ಲಿ ಇದ್ದಿದ್ದರೆ," ಎಂದು ಪಾಷಾ ವಗ್ದಿಯವರ ಕೈ ಕುಲುಕಿ ಎದ್ದರು. "ಗುರುವಾರ ಎಷ್ಟು ಹೊತ್ತಿಗೆ? ಅದನ್ನಾದ್ರೂ ಹೇಳಿ."

"ಸೂರ್ಯ ಮುಳುಗೋ ಹೊತ್ತಿಗೆ."

ಸತ್ಯ ಹೇಳಿದ್ದಕ್ಕೆ ಇಷ್ಟು ಗೌರವ ವಗ್ದಿಯವರಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಕಿರಾಣಿಯವನು ಮೆಟ್ಟಿಲಲ್ಲೇ ಅಡ್ಡಗಟ್ಟಿ "ಯಾರು ಸಾಹೇಬ್ರೇ?" ಎಂದಾಗ ಅವರ ಬಾಯಿಂದ ತಾನಾಗಿಯೇ "ಹೇಳೋ ಹಾಗಿಲ್ಲ" ಎಂಬ ಮಾತು ಹೊರಬಿತ್ತು. ಹೇಳಿದ ಮೇಲೆ ಎದೆ ಎರಡು ಅಂಗುಲ ಅಗಲವಾಯಿತು, ಮನೆಯೊಳಗೆ ಬಂದು ರಬಾಬಳ ಮುಖ ಕಂಡ ಕೂಡಲೇ ನಾಲ್ಕು ಅಂಗುಲ ಕುಗ್ಗಿತು.

"ಅಪ್ಪಾ, ಮರ ಬೀಳದಿದ್ರೆ ಮನೆ ಇಲ್ವಂತೆ. ಹೌದಾ?"

"ನಾನು ಸರಿ ಮಾಡ್ತೀನಮ್ಮ."

"ನೀವು ಸರಿ ಮಾಡ್ತೀನಿ ಅಂದ್ರೇನೇ ಭಯ," ಎಂದಳು ಮಗಳು. ಆದರೂ ಅಪ್ಪನ ಅಂಗಿಯ ತೋಳಿಗೆ ಹತ್ತಿದ್ದ ಸುಣ್ಣವನ್ನು ಉಗುರಿನಿಂದ ಕೆರೆದು ತೆಗೆದಳು.

ಸರಿ ಮಾಡಲು ಅವರು ಗುರುವಾರ ಬೆಳಿಗ್ಗೆ ಪಾತ್ರೆ ತಿಕ್ಕುವ ನಾರು ಹಿಡಿದು ಹೋದರು. ಸುಣ್ಣ ತೊಳೆದರೆ ಏಳು ಕಾಣುತ್ತದೆ, ಏಳು ಕಂಡರೆ ಮರ ಬೀಳುತ್ತದೆ, ಮರ ಬಿದ್ದರೆ ಮಗಳಿಗೆ ಮನೆ. ಎರಡು ತಿಕ್ಕು ತಿಕ್ಕಿದ್ದರೋ ಇಲ್ಲವೋ, ಹೂಕುಂಡದ ಪೊಲೀಸ್ ಓಡಿ ಬಂದ.

"ಏನ್ ಮಾಡ್ತಾ ಇದ್ದೀರಿ? ಇದು ಸರ್ಕಾರದ ಸುಣ್ಣ."

"ಅಲ್ಲಪ್ಪ, ಇದು ನಮ್ಮ ಮನೆಯ ಸುಣ್ಣ."

"ಹಂಗೆ ಎಲ್ರೂ ಹೇಳ್ತಾರೆ," ಎಂದು ಅವನು ನಾರನ್ನು ಕಿತ್ತುಕೊಂಡ. ಮಧ್ಯಾಹ್ನ ಕಚೇರಿಯವರು ಬಂದು, ನಾರು ತಾಗಿದ ಜಾಗಕ್ಕೆ ಸರ್ಕಾರದ ಖರ್ಚಿನಲ್ಲೇ ಇನ್ನೊಂದು ಕೈ ಸುಣ್ಣ ಬಳಿದು ಹೋದರು.

ಸೂರ್ಯ ನೈಲ್ ನದಿಯ ಆಚೆಗೆ ಇಳಿಯುವ ಹೊತ್ತಿಗೆ ಬೀದಿ ತುಂಬಿತ್ತು. ಮರದಡಿ ಕೆಂಪು ಜಮಖಾನ ಹಾಸಿ, ಎದೆಯ ಮೇಲೆ ಪದಕ ಸಿಕ್ಕಿಸಿಕೊಂಡು ಶೌಕತ್ ಪಾಷಾ ನಿಂತಿದ್ದರು. ಮುಳುಗುತ್ತಿರುವ ತನ್ನ ಕಟ್ಟಡವನ್ನು ದೊಡ್ಡವರ ಕೈಯಿಂದಲೇ ಎತ್ತಿಸಿಬಿಡೋಣವೆಂದು ಇಸ್ಮತ್ ಹೂಗುಚ್ಛ ಹಿಡಿದು ಅವರ ಪಕ್ಕದಲ್ಲಿದ್ದ. ಹೊಸ ಸೂಟಿನಲ್ಲಿ ವಗ್ದಿ ಬೆವರುತ್ತಿದ್ದರು. ಆಗ ಬೀದಿಯ ತಿರುವಿನಲ್ಲಿ ಕಂಡದ್ದು ಒಂದು ಹಳೆಯ ಬಾಡಿಗೆ ವ್ಯಾನು. ಅದರ ಮೇಲ್ಗಡೆ ಪಂಜರದಲ್ಲಿ ನಾಲ್ಕು ಬಾತುಕೋಳಿ, ಒಳಗೆ ಒಂಬತ್ತು ಜನ.

ಕೂಡಲೇ ಚಪ್ಪಾಳೆ ಬಿತ್ತು. ದೊಡ್ಡವರು ವೇಷ ಮರೆಸಿಕೊಂಡು ಬರುವುದುಂಟು ಎಂದು ಯಾರೋ ಪಿಸುಗುಟ್ಟಿದರು. ಇಳಿದ ಹಾಜಿ ಮಿತ್ವಲ್ಲಿಯವರಿಗೆ ಇಸ್ಮತ್ ಹೂಗುಚ್ಛ ಕೊಟ್ಟ, ಪಾಷಾ ಸಲಾಮು ಹೊಡೆದು ಜಮಖಾನದ ಮೇಲೆ ನಡೆಸಿಕೊಂಡು ಬಂದರು.

ಹಾಜಿ ನಿಧಾನದ ಮನುಷ್ಯ. ಸುತ್ತ ನೋಡಿ, ನಿಲುವಂಗಿ ಸರಿಪಡಿಸಿಕೊಂಡು, ಗಟ್ಟಿಯಾಗಿಯೇ ಹೇಳಿದರು. "ಬೀಗರೇ, ನಿಮ್ಮ ಬೀದಿಯವರ ಪ್ರೀತಿ ದೊಡ್ಡದು. ನಾನೊಬ್ಬ ಗಿರಣಿಯವ. ನಿಮ್ಮ ಹುಡುಗಿಯನ್ನ ನಮ್ಮ ಹುಡುಗನಿಗೆ ಕೇಳೋಕೆ ಬಂದೆ. ಇಷ್ಟೆಲ್ಲ ಯಾಕೆ?"

ಚಪ್ಪಾಳೆ ನಿಂತುಹೋಯಿತು. ಪಾಷಾ ಮೆಲ್ಲಗೆ ವಗ್ದಿಯವರ ಕಡೆ ತಿರುಗಿದರು. ಇಸ್ಮತ್ ಇನ್ನೂ ಮೆಲ್ಲಗೆ ತಿರುಗಿದ, ಅವನ ಮುಖದಲ್ಲಿ ಮನೆಹಾಳ ಯಾರೆಂಬುದು ಆಗಷ್ಟೇ ಹೊಳೆಯುತ್ತಿತ್ತು. ಬಾಲ್ಕನಿಯಲ್ಲಿ ಇನ್ಶಿರಾಹ್ ಕಣ್ಣು ಮುಚ್ಚಿಕೊಂಡಳು. ರಬಾಬ್ ಮುಚ್ಚಿಕೊಳ್ಳಲಿಲ್ಲ, ಅವಳು ಆಕಾಶ ನೋಡುತ್ತಿದ್ದಳು.

"ಅಪ್ಪಾ, ಮೇಲೆ ನೋಡಿ," ಎಂದಳು.

ಮೊದಲು ಬಂದದ್ದು ಹತ್ತಿಪ್ಪತ್ತು ಹಕ್ಕಿ. ಅಂಗಳದಲ್ಲಿ ಬಾಲ ಕುಣಿಸುತ್ತ ಓಡಾಡುವ ಸಿಪಿಲೆಗಳು, ಕಪ್ಪು ಬಿಳಿ, ಹಿಡಿಯಷ್ಟು ಗಾತ್ರ. ಅವು ಮರದ ಮೇಲೆ ಒಂದು ಸುತ್ತು ಹಾಕಿದವು. ಆಮೇಲೆ ನದಿಯ ಕಡೆಯಿಂದ ನೂರು ಬಂದವು. ಆಮೇಲೆ ಎಲ್ಲ ಕಡೆಯಿಂದಲೂ, ಕಟ್ಟಡಗಳ ಸಂದಿನಿಂದ, ತಾರಸಿಗಳ ಮೇಲಿನಿಂದ, ಸೇತುವೆಯ ಆಚೆಯಿಂದ, ಲೆಕ್ಕವೇ ಇಲ್ಲದಷ್ಟು ಬಂದವು. ಇಡೀ ಕೈರೋದಲ್ಲಿ ಅವಕ್ಕೆ ಗೊತ್ತಿದ್ದ ವಿಳಾಸ ಇದೊಂದೇ ಎನ್ನುವ ಹಾಗೆ ಬಂದವು. ಬೀದಿಯ ಮೇಲೆ ನೆರಳು ಹರಿದಾಡಿತು. ಸಾವಿರಾರು ರೆಕ್ಕೆಯ ಸದ್ದಿಗೆ ದೂರದ ವಾಹನಗಳ ಹಾರ್ನ್ ಕೇಳದಾಯಿತು. ಅವು ಏರಿದವು, ಒಟ್ಟಿಗೆ ತಿರುಗಿದವು, ತಿರುಗಿದಾಗ ಅಷ್ಟೂ ಹೊಟ್ಟೆಗಳು ಮುಳುಗುವ ಬೆಳಕಿಗೆ ಒಮ್ಮೆಗೇ ಬೆಳಗಿದವು. ಆಮೇಲೆ ಕೊಡದಿಂದ ನೀರು ಸುರಿದ ಹಾಗೆ ಮರದೊಳಕ್ಕೆ ಇಳಿದವು, ಇಳಿಯುತ್ತಲೇ ಇದ್ದವು, ಮರ ಅಷ್ಟನ್ನೂ ಒಳಗೆ ತೆಗೆದುಕೊಳ್ಳುತ್ತಲೇ ಇತ್ತು. ಎಲ್ಲಿ ಇಟ್ಟುಕೊಂಡಿತೋ ದೇವರೇ ಬಲ್ಲ. ಒಂದೊಂದು ಎಲೆಯೂ ಮಾತಾಡತೊಡಗಿತು.

ಹೂಕುಂಡದ ಪೊಲೀಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಕಿರಾಣಿಯವನು ಅಂಗಡಿಯ ಬಾಗಿಲು ಹಾಕದೆಯೇ ಹೊರಗೆ ಬಂದು ನಿಂತಿದ್ದ, ಅವನ ಜೀವನದಲ್ಲಿ ಇದು ಮೊದಲ ಸಲ. ವಗ್ದಿಯವರು ಕುತ್ತಿಗೆ ಎತ್ತಿದವರು ಇಳಿಸಲೇ ಇಲ್ಲ. ಇಪ್ಪತ್ತಾರು ವರ್ಷ ಈ ಬೀದಿಯಲ್ಲಿ ಬಾಳಿದ್ದೇನೆ, ಒಂದು ಸಂಜೆಯಾದರೂ ಪಗಡೆ ಬಿಟ್ಟು ಎದ್ದು ಬರಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು, ಕಣ್ಣು ತುಂಬಿ ಬಂತು.

"ಇವು ದಿನಾ ಬರ್ತವಾ?" ಪಾಷಾರ ಧ್ವನಿ ತಗ್ಗಿತ್ತು.

"ಚಳಿ ಶುರುವಾದಾಗ ಬರ್ತವೆ ಪಾಷಾ, ಸಮುದ್ರ ದಾಟಿ," ಎಂದ ಬಶಂದಿ. "ಈ ವರ್ಷಕ್ಕೆ ಇವತ್ತೇ ಮೊದಲು. ಬೇಸಿಗೆ ಹತ್ರ ಬಂದಾಗ ಹೊರಡ್ತವೆ. ಬೆಳಿಗ್ಗೆ ಕಾರಿನ ಮೇಲಿನ ಹಿಕ್ಕೆ ತೊಳೆಯೋನು ನಾನಲ್ವಾ, ನನಗೆ ಗೊತ್ತಿರ್ದೆ ಇರುತ್ತಾ?"

"ಮೊದಲೇ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

ಅಷ್ಟರಲ್ಲಿ ಪಾಷಾರ ಭುಜದ ಮೇಲೆ, ಪದಕದಿಂದ ಎರಡು ಬೆರಳು ಮೇಲೆ, ಬೆಳ್ಳಗಿನದೊಂದು ಬಿತ್ತು. "ಶುಭ ಪಾಷಾ, ಬರಕತ್ತು," ಎಂದರು ಹಾಜಿ ಗಂಭೀರವಾಗಿ. ಪಾಷಾ ಅದನ್ನು ಒರೆಸಿಕೊಳ್ಳಲಿಲ್ಲ. ಸೇನೆಯಲ್ಲಿ ಸೋಲಿನ ಅಂಚಿನಿಂದಲೂ ಗೆಲುವಿನ ಮೆರವಣಿಗೆ ಹೊರಡಿಸಿದ ಅನುಭವ ಅವರಿಗಿತ್ತು. ಜನರ ಕಡೆ ತಿರುಗಿ ಎದೆಯುಬ್ಬಿಸಿದರು.

"ನಮ್ಮ ಅತಿಥಿಗಳು ಬಂದರು. ಈ ಬೀದಿಯನ್ನ ಸಜ್ಜು ಮಾಡಿದ್ದು ಇವರಿಗಾಗಿ. ಮರಕ್ಕೆ ಸುಣ್ಣ ಹಚ್ಚಿದ್ದು ಇವರಿಗಾಗಿ." ಆಮೇಲೆ ವಗ್ದಿಯವರ ಕಿವಿಯ ಬಳಿ ಬಗ್ಗಿದರು. "ನೀನು ಬಾಯಿ ಬಿಡದೆ ಇದ್ದದ್ದು ಇವರ ಬಗ್ಗೆ ತಾನೇ? ಹೌದು ಅನ್ನು."

"ಹೌದು ಪಾಷಾ," ಎಂದರು ವಗ್ದಿ. ಪಾಷಾರ ಮುಂದೆ ಅವರು ಹೇಳಿದ ಮೊದಲ ಸುಳ್ಳು ಅದು, ಹೇಳಿದ ಮೇಲೆ ಅದು ಸುಳ್ಳೆಂದು ಅವರಿಗೆ ಅನಿಸಲೇ ಇಲ್ಲ.

"ಪಾಷಾ, ಹಾಗಾದರೆ ನನ್ನ ಗ್ಯಾರೇಜಿನ ಬಾಗಿಲು?" ಇಸ್ಮತನ ಧ್ವನಿ ಅಳುವ ಹಂತಕ್ಕೆ ಬಂದಿತ್ತು. "ಮನೆಯಿಲ್ಲದ ಜನ ಈ ಊರಲ್ಲಿ ಎಷ್ಟಿದ್ದಾರೆ ನೋಡಿ. ಹದಿನಾಲ್ಕು ಅಂತಸ್ತು ನಾನು ಹಕ್ಕಿಗಳಿಗೆ ಕಟ್ಟೋಕಾಗುತ್ತಾ?"

ಇದು ನ್ಯಾಯವಾದ ಮಾತೇ ಆಗಿತ್ತು. ಪಾಷಾ ಮೀಸೆ ಮುಟ್ಟಿಕೊಂಡರು. ರಬಾಬ್ ಬಾಲ್ಕನಿಯ ಕಂಬಿಯನ್ನು ಬಿಗಿಯಾಗಿ ಹಿಡಿದು ನಿಂತಳು. ಕೆಳಗೆ ಹಾಜಿ ಮಿತ್ವಲ್ಲಿ ಹೂಗುಚ್ಛವನ್ನು ಮಗನ ಕೈಗೆ ಕೊಟ್ಟು, ಖಾಲಿ ಜಾಗವನ್ನು ಆ ತುದಿಯಿಂದ ಈ ತುದಿಗೆ ಹೆಜ್ಜೆಯಲ್ಲಿ ಅಳೆದು ಬಂದರು.

"ಪಕ್ಕದಲ್ಲಿ ಓಣಿ ಇದೆಯಲ್ಲ. ಬಾಗಿಲು ಆ ಕಡೆ ಇಟ್ಟರೇನು?"

"ಆ ಕಡೆ ಎರಡು ಅಂಗಡಿ ಬರ್ತವೆ ಹಾಜಿ. ಅವು ಹೋಗ್ತವೆ."

"ಹೋಗಲಿ. ನನ್ನ ಗಿರಣಿಯ ಅಂಗಳದಲ್ಲಿ ಒಂದು ಹಿಪ್ಪುನೇರಳೆ ಮರ ಇದೆ. ನಲವತ್ತು ವರ್ಷದಿಂದ ಲಾರಿಗಳು ಅದನ್ನ ಬಳಸಿಕೊಂಡೇ ಹೋಗ್ತವೆ. ಒಬ್ಬ ಚಾಲಕನೂ ಸತ್ತಿಲ್ಲ," ಎಂದ ಹಾಜಿ ಮತ್ತೆ ಮೇಲಕ್ಕೆ ನೋಡಿದರು. "ಒಂದು ಮಾತು. ನನ್ನ ಸೊಸೆಗೆ ಆ ಹಿಂಬದಿಯ ಮನೆ ಬೇಡ. ನಾಲ್ಕನೇ ಅಂತಸ್ತಿನಲ್ಲಿ, ಈ ಮರದ ಕಡೆ ಕೊಡು."

"ಶುಕ್ರವಾರದ ರಜೆ ಕಳೆದ ಕೂಡಲೇ ಹೊಸ ನಕ್ಷೆ ತಗೊಂಡು ಬಾ," ಎಂದರು ಪಾಷಾ. "ನಾನೇ ಕೂತು ನೋಡ್ತೀನಿ."

ಇಸ್ಮತ್ ಮರ ನೋಡಿದ, ಹಾಜಿಯನ್ನು ನೋಡಿದ, ಪಾಷಾರ ಭುಜ ನೋಡಿದ. ಆಮೇಲೆ ವ್ಯಾಪಾರಿಯ ಕಣ್ಣು ಮಿನುಗಿತು. ಮುಂದಿನ ವಾರ ಆ ಜಾಗದಲ್ಲಿ ನಿಂತ ಹಲಗೆಯ ಮೇಲೆ "ಮರ ಕಾಣುವ ಮನೆಗಳು, ಕೆಲವೇ ಉಳಿದಿವೆ" ಎಂದು ಬರೆದಿತ್ತು. ಆ ಮರವನ್ನು ಉಳಿಸಿದವನು ತಾನೇ ಎಂದು ಅವನು ಈಗಲೂ ಎಲ್ಲರಿಗೂ ಹೇಳುತ್ತಾನೆ. ಶೌಕತ್ ಪಾಷಾ ಮೇಲಿನವರಿಗೆ ಕಳಿಸಿದ ವರದಿಯಲ್ಲಿ ಹೊರದೇಶದ ಅತಿಥಿಗಳು ಸುಮಾರು ಮೂರು ಸಾವಿರ, ಸ್ವಾಗತ ಸುಸೂತ್ರ ಎಂದಿತ್ತು. ಅದನ್ನು ಓದಿದವರು ಯಾರು ಆ ಅತಿಥಿಗಳು ಎಂದು ಕೇಳಲಿಲ್ಲ, ಕೇಳಿದರೆ ತಮಗೆ ಗೊತ್ತಿಲ್ಲವೆಂಬುದು ಗೊತ್ತಾಗುತ್ತದಲ್ಲ. ಅಂದು ಮಾತ್ರ ಎಲ್ಲರೂ ಮರದಡಿಯಲ್ಲೇ, ಹಕ್ಕಿಗಳ ಗದ್ದಲದ ಕೆಳಗೆ ಅಂಗೈ ಮೇಲೆತ್ತಿ ಫಾತಿಹಾ ಓದಿದರು. ಇನ್ಶಿರಾಹ್ ಮುಂದೂಡಿದ್ದ ಕಣ್ಣೀರನ್ನೆಲ್ಲ ಒಟ್ಟಿಗೆ ಸುರಿಸಿದಳು.

ಇದಾಗಿ ಮೂರು ವರ್ಷ. ಕೆಂಪು ಬಣ್ಣ ಗಟ್ಟಿ ಜಾತಿಯದು. ಪ್ರತಿ ಬೇಸಿಗೆಯ ಬಿಸಿಲಿಗೆ ಸುಣ್ಣ ಪುಡಿಯುದುರಿ, ಒಳಗಿನಿಂದ ಏಳು ಮೆಲ್ಲಗೆ ಇಣುಕುತ್ತದೆ. ಹೊಸ ಮೇಸ್ತ್ರಿ, ಹೊಸ ಪಾಷಾ ಯಾವಾಗ ಬರುತ್ತಾರೋ ಹೇಳಲಾಗದು. ಹಾಗಾಗಿ ಚಳಿ ಶುರುವಾಗುವ ಮುಂಚೆ ವಗ್ದಿ ಒಂದು ಬಕೆಟ್ ಸುಣ್ಣ ಕಲಸುತ್ತಾರೆ, ಬಶಂದಿ ಬಕೆಟ್ ಹಿಡಿಯುತ್ತಾನೆ, ಆ ಏಳರ ಮೇಲೆ ಎರಡು ಕೈ ಹೆಚ್ಚಿಗೆ ಬೀಳುತ್ತದೆ.

ಸುಣ್ಣ ಕಂಡ ಕೂಡಲೇ ಬೀದಿಗೆ ಗುಡಿಸುವವರು ಬರುತ್ತಾರೆ. ಕಿರಾಣಿಯವನು ಗಡ್ಡ ಬೋಳಿಸಿಕೊಳ್ಳುತ್ತಾನೆ. ಎದುರು ಕಟ್ಟಡಕ್ಕೆ ಹೊಸದಾಗಿ ಬಂದ ಬಾಡಿಗೆದಾರರೊಬ್ಬರು ಈ ಸಲ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಉಸ್ತಾದ್, ಯಾರೋ ದೊಡ್ಡವರು ಬರ್ತಿದ್ದಾರಂತೆ. ಯಾರು?"

"ಹೇಳೋ ಹಾಗಿಲ್ಲ," ಎಂದರು ವಗ್ದಿ, ಕುಂಚ ಒರೆಸಿಕೊಳ್ಳುತ್ತ. ಮನೆಯೊಳಗಿಂದ ಕುರ್ಚಿ ತಂದು ಮರದಡಿ ಹಾಕಿಕೊಂಡು, ನದಿಯ ಕಡೆ ಮುಖ ಮಾಡಿ ಕೂತರು.

ಸೂರ್ಯ ಇಳಿದ. ನಾಲ್ಕನೇ ಅಂತಸ್ತಿನ ಬಾಲ್ಕನಿಯಲ್ಲಿ, ಮರದ ತಲೆಯ ಸಮಕ್ಕೆ, ಸೊಂಟದಲ್ಲಿ ಮಗು ಎತ್ತಿಕೊಂಡು ನಿಂತಿದ್ದ ರಬಾಬ್ ಬಗ್ಗಿ ಕೂಗಿದಳು.

"ಅಪ್ಪಾ, ಬಂದರು."